ಸೊನ್ನೆ ಡಿಗ್ರಿ ಬಿಸಿನೀರು

ಅವಳು ಡಬ್ಬಿಯಲ್ಲಿ ತರುತ್ತಿದ್ದ ಚಿತ್ರಾನ್ನದ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಕುಡುಮಲಕುಂಟೆಯ ನಮ್ಮ ಸಣ್ಣ ಕಾರ್ಖಾನೆಗೆ ಮೊದಲು ಸೇರಿದವಳು ನಾನು. ಗೌರಿಬಿದನೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಯಂತ್ರಗಳಿಗೆ ಕೂರಿಸುವ ಬೋರ್ಡುಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಅವಳು ಚಿಂತಾಮಣಿಯವಳು, ನನಗಿಂತ ಚಿಕ್ಕವಳು, ಆಮೇಲೆ ಬಂದವಳು. ಬಂದು ತಿಂಗಳು ತುಂಬುವಷ್ಟರಲ್ಲಿ ಮಾಲೀಕರು ಏನು ಕೇಳಬೇಕಾದರೂ ಅವಳ ಮೇಜಿನ ಕಡೆಗೇ ತಿರುಗತೊಡಗಿದರು. ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅದೂ ನನಗೆ ಸೇರುತ್ತಿರಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕಗಳಿಗಾಗಿ ಒಂದು ಪೆಟ್ಟಿಗೆ ಮಾಡಿದೆವು. ರೀಲು ಎಷ್ಟು ಸುತ್ತು ತಿರುಗಿತು, ಗೂಡು ಬೇಯಿಸುವ ನೀರು ಎಷ್ಟು ಬಿಸಿ ಇದೆ, ಎರಡನ್ನೂ ಅದು ಒಂದೇ ಸಾಲಿನಲ್ಲಿ ತೋರಿಸಬೇಕು. ಸುತ್ತು ಎಣಿಸುವುದೂ ಪರದೆಯ ಮೇಲೆ ಮೂಡಿಸುವುದೂ ನನ್ನ ಕೆಲಸ, ಬಿಸಿ ಅಳೆಯುವುದು ಅವಳದು. ಪ್ರಯೋಗ ಮುಗಿದ ಮೇಲೆ ಈ ಪೆಟ್ಟಿಗೆಗಳ ವಿಭಾಗವನ್ನು ಇಬ್ಬರಲ್ಲಿ ಒಬ್ಬರಿಗೆ ವಹಿಸುತ್ತೇನೆಂದು ಮಾಲೀಕರು ಹೇಳಿದ್ದರು. ಅದು ನನಗೇ ಬರಬೇಕಿತ್ತು. ನನ್ನ ಎಣಿಕೆಗೆ ಯಾವ ಕಾಲಕ್ಕೂ ಜಾಗ ಸಾಲದೆ ಹೋಗಬಾರದೆಂದು ಅರವತ್ತನಾಲ್ಕು ಬಿಟ್‌ನ ಪೂರ್ಣಾಂಕವನ್ನೇ ಇಟ್ಟಿದ್ದೆ. ಅವಳ ಬಿಸಿಗೆ ಅದರರ್ಧ ಸಾಕಾಗಿತ್ತು. ಅಷ್ಟಕ್ಕೇ ಒಳಗೊಳಗೇ ಖುಷಿಪಟ್ಟೆನೆಂದರೆ ನನ್ನ ಬುದ್ಧಿ ಎಂಥದ್ದೆಂದು ನೀವೇ ನೋಡಿ.

ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಬಂತು. ಶಿಡ್ಲಘಟ್ಟಕ್ಕೆ ಹೋಗಿ ಬೋರ್ಡು ಕೂರಿಸಿ ಆನ್ ಮಾಡಿದರೆ ನನ್ನ ಸುತ್ತುಗಳು ಸರಿಯಾಗಿ ಓಡುತ್ತಿದ್ದವು, ಪಕ್ಕದಲ್ಲಿ ಅವಳ ಬಿಸಿ ಸೊನ್ನೆ. ಗೂಡು ಬೇಯುವ ಬೇಸಿನ್ನಿನ ಹಬೆ ಮುಖಕ್ಕೇ ಹೊಡೆಯುತ್ತಿತ್ತು.

“ಏನಮ್ಮ, ಈ ನೀರಿಗೆ ಕೈ ಇಟ್ರೆ ಬೊಬ್ಬೆ ಬರ್ತದೆ, ನಿಮ್ಮ ಪೆಟ್ಟಿಗೆ ಐಸು ಅಂತದಲ್ಲ,” ಎಂದರು ಘಟಕದ ಸಾಹೇಬರು.

ನಗು ತಡೆದುಕೊಂಡು ಹೊರಗೆ ಬಂದು ಮಾಲೀಕರಿಗೆ ಫೋನು ಮಾಡಿದೆ. “ನನ್ನದು ಸರಿಯಾಗಿ ಬರ್ತಾ ಇದೆ ಸರ್. ಬಿಸಿದೇ ತೊಂದರೆ. ಅವಳ ಸೆನ್ಸರ್ ಸರಿಯಿಲ್ಲ.”

“ಹೌದೇನಮ್ಮ? ಚಿಕ್ಕಬಳ್ಳಾಪುರದಲ್ಲೇ ಇದೀನಿ, ಬರ್ತೀನಿ ಇರಿ,” ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಒಳಗೆ ಅವಳು ಸೆನ್ಸರ್ ಬದಲಿಸಿದ್ದಳು. ಆಗಲೂ ಸೊನ್ನೆ. ನೂಲು ತೆಗೆಯುವ ಹೆಂಗಸರ ಜೊತೆ ತೆಲುಗಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದಳು. ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬರುತ್ತಿತ್ತು. ಮಾಲೀಕರು ಬಂದು ನಿಂತ ಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕ, ನಿಮ್ಮ ಎಣಿಕೆ ತೆಗೆದು ನನ್ನದೊಂದನ್ನೇ ಪ್ರಿಂಟ್ ಮಾಡಿ ನೋಡಣ್ವಾ?”

ಮಾಡಿದೆ. ತೊಂಬತ್ತೆರಡು ಡಿಗ್ರಿ ಬಂತು. ನನ್ನದನ್ನು ಮತ್ತೆ ಸೇರಿಸಿದೆ. ಸೊನ್ನೆ.

“ಪ್ರಿಂಟ್ ಸಾಲಲ್ಲಿ ಸಂಖ್ಯೆ ಅಳತೆಗೆ ಲಾಂಗ್ ಅನ್ನೋ ಅಕ್ಷರ ಹಾಕಿದೀರಿ. ಆಫೀಸ್ ಕಂಪ್ಯೂಟರಲ್ಲಿ ಲಾಂಗ್ ಅಂದ್ರೆ ಅರವತ್ತನಾಲ್ಕು ಬಿಟ್, ಈ ಬೋರ್ಡಲ್ಲಿ ಮೂವತ್ತೆರಡೇ ಅಲ್ವಾ ಅಕ್ಕ,” ಎಂದಳು ಮೆಲ್ಲಗೆ. “ಪ್ರಿಂಟ್ ಸಾಲು ನಿಮ್ಮ ಸಂಖ್ಯೇಲಿ ಅರ್ಧ ಓದಿ ಮುಗೀತು ಅಂದ್ಕೊಳ್ತದೆ. ಉಳಿದರ್ಧ ನನ್ನ ಜಾಗಕ್ಕೆ ಬರ್ತದೆ.”

ಆ ಉಳಿದರ್ಧದಲ್ಲಿ ಏನೂ ತುಂಬಿರಲಿಲ್ಲ. ನನ್ನ ದೊಡ್ಡ ಸಂಖ್ಯೆಯ ಖಾಲಿ ಭಾಗ ಹೋಗಿ ಅವಳ ಜಾಗದಲ್ಲಿ ಕೂತಿತ್ತು, ಅವಳ ಬಿಸಿ ಹೊರಗೇ ನಿಂತಿತ್ತು. ನಾನು ಕುಣಿದದ್ದು ನನ್ನದೇ ಸೊನ್ನೆಯನ್ನು ನೋಡಿ.

ಪ್ರೊಸೆಸರ್ ಯಾವುದಾದರೂ ಅದಕ್ಕೆ ತಕ್ಕ ಅಳತೆಯ ಅಕ್ಷರವನ್ನು ತಾವೇ ಹಾಕಿಕೊಡುವ ಸಿದ್ಧ ಹೆಸರುಗಳು ಸಿ ಭಾಷೆಯ ಒಂದು ಹೆಡರ್ ಫೈಲಿನಲ್ಲೇ ಇವೆ. ಅವಳು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಆ ಸಾಲಿನಲ್ಲಿ ಅಂಥ ಹೆಸರೊಂದನ್ನು ಹಾಕಿದಳು. ಎರಡೂ ಸರಿಯಾಗಿ ಬಂದವು.

“ಹಂಗಾದ್ರೆ ಸೆನ್ಸರ್ ಅಲ್ವಲ್ಲಮ್ಮ?” ಮಾಲೀಕರು ನನ್ನನ್ನೇ ನೋಡಿದರು.

ನಾನು ಬಾಯಿ ತೆರೆಯುವ ಮೊದಲೇ ಅವಳು, “ಬೋರ್ಡ್ ಬದಲಾದ್ರೆ ಎಲ್ಲರಿಗೂ ಹಿಂಗಾಗ್ತದೆ ಸರ್. ಅಕ್ಕನ ಎಣಿಕೆ ಒಂದು ಸುತ್ತೂ ತಪ್ಪಿಲ್ಲ,” ಎಂದಳು.

ಮಾಲೀಕರು ವಿಭಾಗವನ್ನು ಅಲ್ಲೇ ಅವಳಿಗೆ ವಹಿಸಿದರು. ನನ್ನ ಫೋನಿನ ಮಾತನ್ನು ಅವರು ಅವಳಿಗೆ ಹೇಳಲೂ ಇಲ್ಲ, ಹೇಳಿದ್ದರೆ ನನಗೆ ಒಂದು ರೀತಿ ಹಗುರಾಗುತ್ತಿತ್ತು. ಅವಳು ಗೆದ್ದದ್ದನ್ನು ಬೇಕಾದರೆ ಕ್ಷಮಿಸಿಯೇನು. ಅವಳ ಸೊನ್ನೆಯನ್ನು ಕಂಡಾಗ ನನ್ನ ಬಾಯಿಗೆ ಬಾರದ ಒಳ್ಳೆಯ ಮಾತು, ನನ್ನ ಸೊನ್ನೆಯನ್ನು ಕಂಡಾಗ ಅವಳ ಬಾಯಿಗೆ ತಾನಾಗಿ ಬಂತಲ್ಲ, ಅದನ್ನು ಮಾತ್ರ ಇಂದಿಗೂ ನನ್ನಿಂದ ಸಹಿಸಲಾಗಿಲ್ಲ.