ಬಾಯಿಗೊಂದು ಹನಿ

ಇಲಿಮರಿ ಕೊಲ್ಲುವ ಕೆಲಸಕ್ಕೆ ಕುಸುಮಾವತಿಯಂಥ ಹೆದರುಪುಕ್ಕಲಿ ಹೇಗೆ ಬಂದಳೋ ದೇವರಿಗೇ ಗೊತ್ತು. ಕುಂಬಳೆಯ ಹುಡುಗಿ. ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದವಳು, 2004ರ ಹೊತ್ತಿಗೆ ತಿರುವನಂತಪುರದ ಒಂದು ಲ್ಯಾಬಿನಲ್ಲಿ ಇಲಿಮರಿಗಳ ಮಿದುಳು ತೆಗೆದು ಪಿಎಚ್‌ಡಿ ಮಾಡುತ್ತಿದ್ದಳು. ಬೆಳೆಯುವ ಮಿದುಳು ಒಂದೇ ಸಮನೆ ಪ್ರೋಟೀನ್ ಕಟ್ಟುತ್ತಿರುತ್ತದೆ. ಅದಕ್ಕೆ ಜೀವಕೋಶ ಶಕ್ತಿ ಒದಗಿಸಬೇಕು. ಆ ಶಕ್ತಿ ಎಲ್ಲಿಂದ ಬರುತ್ತದೆ ಎನ್ನುವುದೇ ಅವಳ ವಿಷಯ. ತೆಳುವಾಗಿ ಕೊಯ್ದ ಮಿದುಳನ್ನು ಸಕ್ಕರೆ ಬೆರೆಸಿದ ದ್ರವದಲ್ಲಿಟ್ಟು ಅಳೆದರೆ ಪ್ರೋಟೀನ್ ತೀರಾ ಕಡಿಮೆ ಕಾಣುತ್ತಿತ್ತು. ಎಳೆಯ ಮಿದುಳಿಗೆ ಸಕ್ಕರೆಯೊಂದೇ ಸಾಲದು, ತಾಯಿಹಾಲಿನ ಕೊಬ್ಬಿನಿಂದ ಸಿಗುವ ಶಕ್ತಿಯೂ ಬೇಕೇಬೇಕು ಎಂದು ಅವಳು ಪ್ರಬಂಧ ಬರೆದಾಗಿತ್ತು. ಗೈಡ್ ಮೇಡಂ ಖುಷಿಯಾಗಿದ್ದರು.

ಅಷ್ಟರಲ್ಲಿ ಕೊಚ್ಚಿಯಿಂದ ಸುದ್ದಿ ಬಂತು. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ, ಅವಳ ಪಕ್ಕದೂರು ಉಪ್ಪಳದ ಇಬ್ರಾಹಿಂ ಅದೇ ಪ್ರಯೋಗ ಮಾಡಿದ್ದ. ಅವನಿಗೆ ಬರೀ ಸಕ್ಕರೆಯಲ್ಲೇ ದುಪ್ಪಟ್ಟು ಪ್ರೋಟೀನ್ ಸಿಕ್ಕಿತ್ತು. ಇಬ್ಬರಲ್ಲಿ ಒಬ್ಬರದು ತಪ್ಪು. ತಪ್ಪು ಅವಳದಾದರೆ ವರ್ಷಗಟ್ಟಲೆ ದುಡಿದದ್ದೆಲ್ಲ ನೀರುಪಾಲು. ಕುಸುಮಾವತಿಗೆ ಅನ್ನ ಸೇರಲಿಲ್ಲ. ರಾಸಾಯನಿಕ ಬದಲಿಸಿದಳು, ಯಂತ್ರ ಬದಲಿಸಿದಳು, ಕೊನೆಗೆ ಇಲಿಗಳನ್ನೇ ಬೈದಳು. ಸಂಖ್ಯೆ ಜಪ್ಪಯ್ಯ ಅಂದರೂ ಏರಲಿಲ್ಲ. ಅವನನ್ನೇ ಕರೆಸಿ ಎದುರಿಗೆ ಮಾಡಿ ತೋರಿಸು ಎಂದು ಮೇಡಂ ಗದರಿದರು.

ಇಬ್ರಾಹಿಂ ಬೆಳಿಗ್ಗೆ ತಂಪಾನೂರಿನಲ್ಲಿ ರೈಲು ಇಳಿದು ನೇರ ಲ್ಯಾಬಿಗೆ ಬಂದ. ಕೈಕಟ್ಟಿ ನಿಂತು ನೋಡಿದ. ಅವಳು ಮರಿಯ ಕತ್ತಿಗೆ ಕತ್ತರಿ ಹಾಕಿದಳು. ಆಮೇಲೆ ಡ್ರಾಪರ್ ತೆಗೆದು ಅದರ ಬಾಯಿಗೆ ಒಂದು ಹನಿ ನೀರು ಬಿಟ್ಟು, ಕಣ್ಣುಮುಚ್ಚಿ ಏನೋ ಗೊಣಗಿದಳು. ಅದೆಲ್ಲ ಮುಗಿದ ಮೇಲೆಯೇ ಮಿದುಳು ತೆಗೆದು ಐಸ್ ನೀರಿಗೆ ಹಾಕಿದ್ದು.

"ಅದೆಂತ ಮಾಡಿದ್ದು ಕುಸುಮಕ್ಕ?"

"ಬಾಯಿಗೆ ನೀರು ಬಿಡದೆ ಕಳಿಸ್ಲಿಕ್ಕೆ ಉಂಟಾ? ನಮ್ಮ ಸೀತಮ್ಮಜ್ಜಿ ಇದ್ದಿದ್ರೆ ನನ್ನನ್ನು ಮನೆ ಒಳಗೆ ಸೇರಿಸ್ತಿರ್ಲಿಲ್ಲ."

"ಎಲ್ಲ ಮರಿಗೂ ಹೀಗೆಯಾ?"

"ಮತ್ತೆ?"

"ಎಂತ ಮಾರಾಯ್ರೆ! ರಕ್ತ ನಿಂತ ಕೂಡಲೇ ಕೋಶದ ಶಕ್ತಿ ಖಾಲಿ ಆಗ್ಲಿಕ್ಕೆ ಶುರು, ಐಸಿಗೆ ಹಾಕಿದ್ರೆ ಮಾತ್ರ ಅದು ನಿಲ್ಲುದು. ಶಕ್ತಿ ಇಳಿದ್ರೆ ಪ್ರೋಟೀನ್ ಕಟ್ಟುವ ಕೆಲಸ ನಿಲ್ತದೆ. ಇಷ್ಟು ದಿನ ನೀವು ಅಳೆದದ್ದು ಸುಸ್ತಾದ ಮಿದುಳು."

ಈ ಪಾಠವನ್ನು ಜೂನಿಯರ್‌ಗಳಿಗೆ ಹೇಳಿಕೊಡುತ್ತಿದ್ದವಳು ಇದೇ ಮಹಾತಾಯಿ! ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

"ನಿಂಗೆ ಎಂತದೂ ಅನ್ನಿಸುದಿಲ್ವಾ ಹಾಗಾದ್ರೆ?"

"ಅನ್ನಿಸ್ತದೆ. ನಾನೂ ಬಿಸ್ಮಿಲ್ಲಾ ಹೇಳ್ತೇನೆ. ಆದ್ರೆ ಕತ್ತರಿ ಹಾಕುವ ಮೊದಲು."

ನೀರು ಬಿಡುವುದನ್ನು ನಿಲ್ಲಿಸಲು ಅವಳು ಸುತರಾಂ ಒಪ್ಪಲಿಲ್ಲ. ಅದಿಲ್ಲದೆ ಈ ಕೆಲಸ ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು. ಸರಿ, ಮೊದಲೇ ಬಿಡುವುದೆಂದು ತೀರ್ಮಾನವಾಯಿತು.

ಇನ್ನೊಂದು ಮರಿಯನ್ನು ಅಂಗೈಗೆ ಎತ್ತಿಕೊಂಡಳು. ಇನ್ನೂ ಕಣ್ಣು ಬಿಡದ ಮರಿ, ಬೆಚ್ಚಗಿತ್ತು. ಡ್ರಾಪರ್ ಒತ್ತಿದಳು. ಸತ್ತ ಬಾಯಿಂದ ನೀರು ಹೊರಗೆ ಸೋರುವುದನ್ನಷ್ಟೇ ಅವಳು ನೋಡಿದ್ದಳು. ಈ ಮರಿ ಚಪ್ಪರಿಸಿ ಕುಡಿಯಿತು. ಇನ್ನೂ ಬೇಕೆಂದು ಡ್ರಾಪರಿನ ತುದಿಗೆ ಬಾಯಿ ಹಾಕಿತು.

ಅವಳು ಇನ್ನೊಂದು ಹನಿ ಬಿಟ್ಟಳು. ಕುಡಿದು ಮುಗಿಸುವವರೆಗೆ ಕಾದಳು. ಜೀವ ಇರುವಾಗ ಕಾಯುವುದಕ್ಕೆ ಅಡ್ಡಿಯಿಲ್ಲವಲ್ಲ. ಆಮೇಲೆ ಕತ್ತರಿ ಹಾಕಿದಳು. ಮಿದುಳು ಆ ಕೂಡಲೇ ಐಸ್ ನೀರಿಗೆ ಬಿತ್ತು. ಸಂಜೆ ಅಳೆದಾಗ ಪ್ರೋಟೀನ್ ದುಪ್ಪಟ್ಟಾಗಿತ್ತು.