ಲೋವೆಲ್ ಡಾಕ್ಟರನ ಆರೂವರೆ

"ಲೋವೆಲ್ ಕಣ್ಣಿಗೆ ಬಿದ್ದ ಎಲೆಗೆಲ್ಲ ಹಸಿವು, ನಮ್ಮ ಕಣ್ಣಿಗೆ ಬಿದ್ದಾಗೆಲ್ಲ ಲೋವೆಲ್‌ಗೆ ಹಸಿವು" ಅನ್ನುತ್ತಿದ್ದರು ನಮ್ಮೂರು ಆಲ್ಡರ್ ಕ್ರೀಕಿನ ಅಕ್ಕಪಕ್ಕದವರು. ಎರಡೂ ನಿಜವೇ.

ಕ್ಯಾಲಿಫೋರ್ನಿಯಾದ ಈ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಗಾಂಜಾ ಬೆಳೆಯುವವರು ಹೆಲಿಕಾಪ್ಟರ್ ಸದ್ದು ಕೇಳಿದರೆ ಮರದಡಿ ಅಡಗುತ್ತಿದ್ದರು. ಈಗ ಮನೆಗೆ ಆರು ಗಿಡ ಅಂತ ಕಾನೂನೇ ಒಪ್ಪಿದೆ. ಹಿತ್ತಲ ಕೋಣೆಯಲ್ಲಿ ದೀಪ ಹಚ್ಚಿ ಕುಂಡದಲ್ಲಿ ಬೆಳೆಯುತ್ತಾರೆ. ಗಿಡ ಹೂವಿಗೆ ಬಂದಾಗ ಎಲೆ ಸ್ವಲ್ಪ ಬಣ್ಣಗೆಟ್ಟರೂ ಸಾಕು, ಕಿತ್ತು ಅಂಗಿ ಜೇಬಿನಲ್ಲಿಟ್ಟುಕೊಂಡು ಬರ್ನಿಸಳ ಹೋಟೆಲಿಗೆ ಓಡುವುದು ನಮ್ಮೂರ ಪದ್ಧತಿ. ಅಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಊರವರೆಲ್ಲ 'ಗಿಡದ ಡಾಕ್ಟರ್' ಅನ್ನುತ್ತಿದ್ದ ಲೋವೆಲ್ ಟಿಬೆಟ್ಸ್ ಕೂತಿರುತ್ತಿದ್ದ. ಎಲೆಯನ್ನು ಬೆಳಕಿಗೆ ಹಿಡಿಯುವನು, ಒಂದು ಕಣ್ಣು ಮುಚ್ಚುವನು, ಮೂಸುವನು. ಹಳದಿಯಾಗಿದ್ದರೆ, "ಹಸಿವು." ಅಂಚು ಸುಟ್ಟಿದ್ದರೆ, "ಹಸಿವು." ತುದಿ ಹಕ್ಕಿಯ ಉಗುರಿನಂತೆ ಒಳಕ್ಕೆ ಬಾಗಿದ್ದರೆ, "ಪಾಪ, ತುಂಬಾ ಹಸಿವು." ಆಮೇಲೆ ಚೀಲದಿಂದ ನೇರಳೆ ಬಣ್ಣದ ಗೊಬ್ಬರದ ಬಾಟಲಿ ಹೊರಬರುವುದು.

ಒಮ್ಮೆ ಬರ್ನಿಸ್ ತನ್ನ ಅಂಗಳದ ಜಪಾನಿ ಮೇಪಲ್ ಮರದ ಎಲೆಯೊಂದನ್ನು ತಂದುಕೊಟ್ಟಳು. ನೋಡಲು ಥೇಟ್ ಗಾಂಜಾ ಎಲೆ.

"ಹಸಿವು. ನೀರಿಗೆ ಎರಡು ಮುಚ್ಚಳ ಗೊಬ್ಬರ ಹಾಕು" ಅಂದ ಲೋವೆಲ್.

"ಡಾಕ್ಟ್ರೇ, ಆ ಮರ ನಮ್ಮಜ್ಜ ನೆಟ್ಟಿದ್ದು. ಇವತ್ತಿನವರೆಗೂ ಯಾರ ಹತ್ರಾನೂ ಊಟ ಕೇಳಿಲ್ಲ!"

ಹೋಟೆಲಿಗೆ ಹೋಟೆಲೇ ನಕ್ಕಿತು. ಲೋವೆಲ್ ಮಾತ್ರ ಕಡುಬು ಮುರಿಯುತ್ತ, "ಕೇಳೋಕೆ ಮರಕ್ಕೆ ಬಾಯಿದ್ಯಾ? ಅದಕ್ಕೇ ನಾನಿರೋದು" ಅಂದ. ಮರುದಿನ ಅವನ ಮುಂದೆ ಮತ್ತೆ ಎಲೆಗಳ ಸಾಲು. ನಗುವುದೂ ನಾವೇ, ನಂಬುವುದೂ ನಾವೇ. ಇಂಥ ಊರಿಗೆ ಇಂಥ ಡಾಕ್ಟರನೇ ಸರಿ.

ಅವನ ಬಳಿ ಇನ್ನೊಂದು ಅಸ್ತ್ರವಿತ್ತು, ಮಣ್ಣಿನ ಹುಳಿ ಅಳೆಯುವ ಪೆನ್ನು. ಅಂಕಿ ಇಳಿದಷ್ಟೂ ಮಣ್ಣು ಹುಳಿ, ಆರೂವರೆ ಬಂದರೆ ಹದ. ಅದರ ತುದಿಯ ಗಾಜಿನ ಗುಂಡು ಯಾವಾಗಲೂ ಒದ್ದೆಯಾಗಿರಬೇಕು, ಒಣಗಿದರೆ ಸತ್ತಂತೆ. ಉಳಿದವರೆಲ್ಲ ಮುಚ್ಚಳದೊಳಗೆ ದ್ರಾವಣ ಹಾಕಿ ಇಡುತ್ತಿದ್ದರು. ಲೋವೆಲ್ ಮಾತ್ರ ಕರವಸ್ತ್ರದಿಂದ ಫಳಫಳ ಒರೆಸಿ ಜೇಬಿಗೆ ಸಿಕ್ಕಿಸುವನು. "ಜೇಬು ಒದ್ದೆ ಮಾಡ್ಕೊಂಡು ಓಡಾಡೋಕೆ ನಾನೇನು ಎಳೆಮಗುವಾ?" ಯಾರ ಮನೆಯ ಕುಂಡಕ್ಕೆ ಚುಚ್ಚಿದರೂ ಅದು ಆರೂವರೆ ತೋರಿಸುತ್ತಿತ್ತು. "ನೋಡಿ, ಮಣ್ಣು ಬಂಗಾರ. ಕೊರತೆ ಇರೋದು ಊಟದ್ದು."

ಓರ್ಲಾ ಫಿಂಚಮ್ ಎಂಬ ವಿಧವೆ ಅವನಿಗೆ ಹಿಂದಿನ ಕೋಣೆ ಕೊಟ್ಟು ಇರಿಸಿಕೊಂಡಿದ್ದಳು. ಊಟ, ಹಾಸಿಗೆ ಅವಳದು; ಅವಳ ಆರು ಗಿಡಗಳ ಆರೈಕೆ ಅವನದು. ಓರ್ಲಾಳ ಬೆರಳುಗಳು ಸಂಧಿವಾತದಿಂದ ಬೇರಿನಂತೆ ತಿರುಚಿದ್ದವು. ಆ ಗಿಡಗಳ ಹೂಗೊನೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಮುಲಾಮು ಮಾಡಿ ಹಚ್ಚಿಕೊಂಡರೇ ಹಿಟ್ಟು ನಾದಲು ಕೈ ಏಳುತ್ತಿತ್ತು. ಬರ್ನಿಸಳ ಹೋಟೆಲಿನ ಸೇಬಿನ ಕಡುಬೆಲ್ಲ ಅವಳ ಕೈಯದೇ. ಲೋವೆಲ್ ತಿನ್ನುತ್ತಿದ್ದದ್ದೂ ಅದನ್ನೇ.

ಒಂದು ಸಲ ಓರ್ಲಾಳ ಗಿಡಗಳು ಹೂ ಕಟ್ಟುವ ಹೊತ್ತಿಗೆ ಎಲೆಗಳ ನರ ಹಸಿರಾಗಿ ಉಳಿದು ನಡುವೆಲ್ಲ ಹಳದಿ ತಿರುಗಿತು, ತುಕ್ಕಿನ ಚುಕ್ಕೆ ಬಿತ್ತು. ಲೋವೆಲ್ ಬಾಟಲಿ ಹೊಯ್ದ. ಚುಕ್ಕೆ ಹೆಚ್ಚಾಯಿತು, ಇನ್ನೊಂದು ಹೊಯ್ದ. ಕುಂಡದ ಮಣ್ಣಿನ ಮೇಲೆ ಉಪ್ಪಿನ ಬಿಳಿ ಪೊರೆ ಕಟ್ಟಿತು. ಗೊನೆಗಳು ಬಟಾಣಿ ಗಾತ್ರದಲ್ಲೇ ನಿಂತವು.

"ಲೋವೆಲ್, ಹಾಕಿದಷ್ಟೂ ಒಣಗ್ತಿವೆಯಲ್ಲೋ."

"ಹೂವಿಗೆ ಬಂದ ಗಿಡ ಬಸುರಿ ಇದ್ದ ಹಾಗೆ ಓರ್ಲಾ. ಇಬ್ಬರ ಊಟ ಬೇಕು."

ಮುಲಾಮಿನ ಡಬ್ಬಿ ತಳ ಕಂಡಿತು. ಕಡುಬಿನ ಅಂಚುಗಳು ವಕ್ರವಾದವು. ಒಂದು ಬೆಳಿಗ್ಗೆ ಕಡುಬು ಒಯ್ಯಲು ಬಂದ ಬರ್ನಿಸ್ ನೋಡಿದಳು: ಓರ್ಲಾ ಲಟ್ಟಣಿಗೆಯನ್ನು ಮುಂಗೈಯಿಂದ ತಳ್ಳುತ್ತಿದ್ದಾಳೆ, ಬೆರಳು ಮಡಚುತ್ತಿಲ್ಲ. ಮೇಜಿನ ಮೇಲೆ ಕುಂಡದಿಂದ ಬಸಿದ ನೀರಿನ ಬಟ್ಟಲು, ಅಂಗಳದ ಬಿಸಿನೀರಿನ ಸ್ನಾನದ ತೊಟ್ಟಿಯ ಹುಳಿ ಪರೀಕ್ಷಿಸುವ ಕಾಗದದ ಪಟ್ಟಿ. ಪಟ್ಟಿ ನಿಂಬೆಹಣ್ಣಿನಂತೆ ಹಳದಿಯಾಗಿತ್ತು.

"ಕಡು ಹುಳಿ" ಅಂದಳು ಓರ್ಲಾ.

"ಸ್ನಾನದ ತೊಟ್ಟಿ ಕಾಗದಕ್ಕೆ ಮಣ್ಣಿನ ವಿಷಯ ಏನು ಗೊತ್ತು?" ಮೇಜಿನಾಚೆ ಕೂತಿದ್ದ ಲೋವೆಲ್ ಬಟ್ಟಲಿಗೆ ಪೆನ್ನು ಅದ್ದಿದ. "ಆರೂವರೆ!"

ಓರ್ಲಾ ಸೌತೆಕಾಯಿ ಉಪ್ಪಿನಕಾಯಿಯ ಭರಣಿಯನ್ನು ಅವನ ಮುಂದೆ ಸರಿಸಿದಳು. "ಇದಕ್ಕೆ ಅದ್ದು."

ಆರೂವರೆ.

"ಈ ಕಾಫಿಗೆ?" ಆರೂವರೆ. ಅಡುಗೆ ಸೋಡಾ ಕದಡಿದ ನೀರಿಗೂ ಆರೂವರೆ.

ಬರ್ನಿಸ್ ಬಾಗಿಲ ಚೌಕಟ್ಟು ಹಿಡಿದು ನಕ್ಕಳು. "ನನ್ನ ನಾಲಿಗೆಗೂ ಹಿಡೀರಿ ಡಾಕ್ಟ್ರೇ, ಹದ ಇದೆಯಾ ನೋಡೋಣ!"

ಓರ್ಲಾ ನಗಲಿಲ್ಲ. "ಮಣ್ಣು ಹುಳಿಯಾಗಿ ಬೇರಿನ ಬಾಯಿ ಕಟ್ಟಿಹೋಗಿದೆ. ನೀನು ಬಾಯಿ ಕಟ್ಟಿದವರಿಗೆ ಬಡಿಸ್ತಾ ಹೋದೆ. ಬಡಿಸಿದ್ದೆಲ್ಲ ಸೇರಿ ಇನ್ನೂ ಹುಳಿಯಾಯ್ತು. ಗೊಬ್ಬರ ನಿಲ್ಲಿಸಿ ಹದವಾದ ನೀರಲ್ಲಿ ತೊಳೆದರೆ ಒಂದೆರಡಾದ್ರೂ ಉಳೀಬಹುದು. ಲೋವೆಲ್, 'ನಂದು ತಪ್ಪಾಯ್ತು' ಅನ್ನು. ಅಷ್ಟು ಸಾಕು. ಕೋಣೆ ನಿನ್ನದೇ."

ಎರಡು ಶಬ್ದ ಆಡಿದ್ದರೆ ಸೂರು ಉಳಿಯುತ್ತಿತ್ತು. ನಮ್ಮ ಡಾಕ್ಟರ್ ಏನು ಮಾಡಿದ ಗೊತ್ತೇ? ಪೆನ್ನನ್ನು ಕರವಸ್ತ್ರದಿಂದ ಒರೆಸಿದ, ಫೂ ಅಂತ ಊದಿದ, ಒರೆಸಿ ಒಣಗಿಸಿದ.

"ಉಪ್ಪಿನಕಾಯಿ ಈ ವರ್ಷ ಒಳ್ಳೇ ಹದಕ್ಕೆ ಬಂದಿದೆ ಓರ್ಲಾ. ಕೆಟ್ಟಿರೋದು ನಿನ್ನ ಗಿಡಗಳ ಜಾತಿ."

ಓರ್ಲಾ ಅವನ ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು ತಂದು ಹೊಸ್ತಿಲಾಚೆ ಇಟ್ಟಳು. ಬೆರಳಿಂದ ಎತ್ತಲು ಆಗಲಿಲ್ಲ ಅವಳಿಗೆ. ಅದನ್ನು ಕಂಡೂ ಅವನು ಕೇಳಿದ್ದು ಇಷ್ಟೇ: "ದಾರಿಗೆ ಒಂದು ತುಂಡು ಕಡುಬು ಸಿಗುತ್ತಾ?"

"ಹಸಿವಾ?" ಅಂದಳು ಬರ್ನಿಸ್.

ಲೋವೆಲ್ ಟೋಪಿ ಹಾಕಿಕೊಂಡ. ಬಾಟಲಿಗಳು ಕಿಣಿಕಿಣಿ ಅನ್ನುವ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಗೇಟಿನ ಬಳಿಯ ಗುಲಾಬಿ ಗಿಡದ ಎದುರು ನಿಂತು ಒಂದೆಲೆ ಕಿತ್ತು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದ. ಹಿಂದೆ ಬಾಗಿಲು ಹಾಕಿಕೊಂಡಿತು. ಎಲೆಯನ್ನು ಜೇಬಿಗಿಟ್ಟುಕೊಂಡು ಹೋಟೆಲಿನ ದಾರಿ ಹಿಡಿದ.