ಕೊನೆತನಕ ಯಾರೂ ಕೇಳದ ಹಾಡು

ಕೇರಿಯವರೆಲ್ಲ ಕಾಸು ಕೊಟ್ಟು ಮೀಯುವ ಚಿಜುರು ಅಕ್ಕನ ಸ್ನಾನದಮನೆಯಲ್ಲಿ ಹಬೆ ಎದ್ದಾಗ ಗೋಡೆಗೆ ಬಳಿದ ಫ್ಯೂಜಿ ಬೆಟ್ಟವೂ ನಮ್ಮ ಜೊತೆ ತೂಕಡಿಸುತ್ತದೆ. ಕೇರಿಯ ಹೆಂಗಸರೆಲ್ಲ ಕುತ್ತಿಗೆಮಟ್ಟ ಬಿಸಿನೀರಿನಲ್ಲಿ ಅರೆಗಣ್ಣು ಮುಚ್ಚಿ ಕೂತಿರುತ್ತೇವೆ. ಗಂಡಸರ ಕೊಳ ಗೋಡೆಯಾಚೆ. ಆ ಗೋಡೆ ಸೂರು ಮುಟ್ಟುವುದಿಲ್ಲ; ಹಾಗಾಗಿ ಗಂಡಹೆಂಡಿರ ಜಗಳಕ್ಕೆ ಏನೂ ಅಡ್ಡಿಯಿಲ್ಲ.

ಮುಚ್ಚುವ ಹೊತ್ತಾದಾಗ, ಬಾಗಿಲ ಬಳಿಯ ಎತ್ತರದ ಕಟ್ಟೆಯಲ್ಲಿ ಕೂತ ಅಕ್ಕ ಹಾಡು ಎತ್ತಿಕೊಳ್ಳುತ್ತಿದ್ದಳು. "ಹೊತ್ತು ಮುಳುಗಿತು ನರಿಮರಿಯೇ..." ಮೊದಲ ಸಾಲು ಕಿವಿಗೆ ಬಿದ್ದದ್ದೇ ತಡ, ನಾವೆಲ್ಲ ಎದ್ದು ಹೊರಡುತ್ತಿದ್ದೆವು.

ಅದು ನಾವು ಚಿಕ್ಕವರಿದ್ದಾಗ ಟೀವಿಯಲ್ಲಿ ಬರುತ್ತಿದ್ದ ಕಾರ್ಟೂನಿನ ಕೊನೆಯ ಹಾಡು. ಚಂದ್ರನ ಮೇಲೆ ಅಂಗಡಿ ಇಟ್ಟ ನರಿಮರಿಯ ಕತೆ. ಶುರುವಿನ ಹಾಡು ಹೆಸರಾಂತ ಗಾಯಕನಿಗೆ ಹೋಯಿತು. ಕೊನೆಯದು ಹತ್ತೊಂಬತ್ತರ ಚಿಜುರುವಿಗೆ ಸಿಕ್ಕಿತು. ಪರದೆಯ ಮೇಲೆ ಹೆಸರುಗಳು ಸಾಲಾಗಿ ಏರುತ್ತಿದ್ದಂತೆ ಮನೆಮನೆಯಲ್ಲೂ ಅಮ್ಮಂದಿರು, "ಮುಗೀತು, ಏಳು, ಸ್ನಾನಕ್ಕೆ ನಡಿ!" ಎಂದು ಟೀವಿ ಆರಿಸುತ್ತಿದ್ದರು. ನಮ್ಮ ಇಡೀ ತಲೆಮಾರಿಗೆ ಆ ಹಾಡಿನ ಒಂದೇ ಸಾಲು ಗೊತ್ತು. ರೆಕಾರ್ಡು ಮಾರಾಟವಾಗಲಿಲ್ಲ, ಮತ್ತೆ ಯಾರೂ ಕರೆಯಲಿಲ್ಲ. ಅವಳು ಈ ಸ್ನಾನದಮನೆಯವರ ಮಗನನ್ನು ಮದುವೆಯಾದಳು. ಹಣೆಬರಹ ನೋಡಿ, ಮಕ್ಕಳನ್ನು ಸ್ನಾನಕ್ಕೆ ಅಟ್ಟಿದ ಹಾಡು ಅವಳನ್ನೂ ಅಲ್ಲಿಗೇ ಅಟ್ಟಿತು.

ಹೋದ ಶರತ್ಕಾಲದಲ್ಲಿ ಅವಳ ಗಂಟಲಲ್ಲಿ ಗಡ್ಡೆ ಕಂಡಿತು. ಸೋಪಿನ ಬೆಲೆ ಏರಿತೆನ್ನುವ ಹಾಗೆ ನನ್ನ ಕೈಗೆ ತಣ್ಣನೆಯ ಹಾಲಿನ ಬಾಟಲಿ ಕೊಡುತ್ತ ಹೇಳಿದಳು.

"ಸೋಮವಾರ ಕೊಯ್ತಾರಂತೆ. ಆಮೇಲೆ ದನಿಯೇ ಇರಲ್ವಂತೆ. ನನ್ನ ಬೈಗುಳ ತಪ್ತು, ಹಬ್ಬ ಮಾಡ್ಕೊಳ್ರೇ."

ನನಗೆ ನಗು ಬರಲಿಲ್ಲ. ಅವಳು ದನಿ ತಗ್ಗಿಸಿದಳು. "ಒಂದೇ ಒಂದ್ಸಲ ಯಾರಾದ್ರೂ ಕೊನೇತನಕ ಕೇಳಿದ್ರೆ ಸಾಕಿತ್ತು ಕಣೇ."

ಕೇರಿಗೆಲ್ಲ ಸಾರಿ ಬಂದೆ. ಭಾನುವಾರ ಕೊಳದಲ್ಲಿ ಕಾಲಿಡಲು ಜಾಗವಿಲ್ಲ. ಹಾಡು ಮುಗಿಯುವವರೆಗೆ ಅಲ್ಲಾಡುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟಿದ್ದರು.

ಅಕ್ಕ ಎತ್ತಿಕೊಂಡಳು. "ಹೊತ್ತು ಮುಳುಗಿತು ನರಿಮರಿಯೇ..." ದಡಕ್ಕನೆ ಎಲ್ಲರೂ ಎದ್ದು ನಿಂತರು! ಹುಟ್ಟುಗುಣ ಸುಟ್ಟರೂ ಹೋಗದು. ಅಮ್ಮಂದಿರು ಸತ್ತು ಎಷ್ಟೋ ವರ್ಷವಾದರೂ ಅವರ ಮಾತು ನಮ್ಮ ಮೊಣಕಾಲಿನಲ್ಲಿ ಉಳಿದಿತ್ತು.

"ಕೂತ್ಕೊಳ್ರೇ, ನಿಮ್ಮ ಮನೆ ಹಾಳಾಗ! ಯಾವಮ್ಮ ಕರೀತಿದಾಳೆ ನಿಮ್ಮನ್ನ?" ಎಂದು ಕಿರುಚಿದೆ. ನಾನೂ ನಿಂತೇ ಇದ್ದೆ.

ಗೋಡೆಯಾಚೆಯಿಂದ ತೋಫು ಅಂಗಡಿಯ ಕಿಹಾಚಿ ಕೂಗಿದ: "ನಾವೂ ಎದ್ದುಬಿಟ್ಟಿದ್ವಿ ಕಣಮ್ಮ! ಕೂತ್ವಿ, ಕೂತ್ವಿ. ಹಾಡ್ಲಿ ಅಕ್ಕ."

ಅವಳು ಮತ್ತೆ ಮೊದಲಿಂದ ಹಾಡಿದಳು. ದನಿ ಒಡೆದಿತ್ತು. ನರಿಮರಿ ಚಂದ್ರನ ಮೇಲೆ ಅಂಗಡಿ ಮುಚ್ಚುತ್ತದೆ, ಒಂದೊಂದೇ ದೀಪ ಆರಿಸುತ್ತದೆ. ಹಬೆಯೊಳಗೆ ನನಗೆ ಮತ್ತೆ ಏಳು ವರ್ಷವಾಗಿತ್ತು, ಅಡುಗೆಮನೆಯಿಂದ ಮೀನು ಸುಡುವ ವಾಸನೆ ಬರುತ್ತಿತ್ತು. ಆಮೇಲೆ ನಾವು ಎಂದೂ ಕೇಳದ ಕೊನೆಯ ಸಾಲು ಬಂತು: "ಮನೆ ಸೇರಿದಿರಾ ಮಕ್ಕಳೇ? ನಿಮಗೆಂದು ಒಂದು ದೀಪ ಉಳಿಸಿದ್ದೇನೆ."

ಇಷ್ಟು ವರ್ಷ ಅವಳು ಇದನ್ನು ಆರಿದ ಟೀವಿಗಳಿಗೆ ಹೇಳಿದ್ದಳು. ನಾವೆಲ್ಲ ಅತ್ತೆವು. ನಾಚಿಕೆಯೇನೂ ಆಗಲಿಲ್ಲ.

ಈಗ ಅಕ್ಕನಿಗೆ ದನಿಯಿಲ್ಲ. ಮುಚ್ಚುವ ಹೊತ್ತಿಗೆ ಮರದ ಬೋಗುಣಿಯಿಂದ ಕಟ್ಟೆಯನ್ನು ಬಡಿಯುತ್ತಾಳೆ. ಗೋಡೆಯ ಎರಡೂ ಕಡೆಯಿಂದ ನಾವು ಹಾಡುತ್ತೇವೆ. ಕೊನೆಯ ಸಾಲಿನಲ್ಲಿ ದಿನವೂ ಶ್ರುತಿ ತಪ್ಪುತ್ತದೆ. ಅವಳು ಹುಬ್ಬು ಗಂಟಿಕ್ಕಿ, ಮೊದಲಿಂದ ಹಾಡಿ ಎನ್ನುವಂತೆ ಇನ್ನೊಮ್ಮೆ ಬಡಿಯುತ್ತಾಳೆ. ನಾವು ಮತ್ತೆ ನೀರಿಗಿಳಿದು ಕೂರುತ್ತೇವೆ.